ಎಂಜಿನ್ನಿಗಿಂತ ಡ್ರೈವರು ಎತ್ತರ

ದಸರೆಗೆ ಗೊಂಬೆ ಕೂರಿಸಲೆಂದು ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ನಮ್ಮ ಮನೆಯ ಅಟ್ಟದಿಂದ ಎರಡು ಟ್ರಂಕು ಇಳಿಯುತ್ತವೆ. ಹಳೆಯ ಪಂಚೆಯ ತುಂಡು, ಹತ್ತಿ, ಒಣಗಿದ ಬೇವಿನೆಲೆ ಬಿಡಿಸುತ್ತ ಹೋದರೆ ಮೊದಲು ಪಟ್ಟದ ಗೊಂಬೆಗಳು ಸಿಗುತ್ತವೆ, ಆಮೇಲೆ ದಶಾವತಾರ, ಶೆಟ್ಟರ ಅಂಗಡಿ, ಮದುವೆ ಮನೆ. ಎರಡನೆಯ ಟ್ರಂಕಿನ ತಳದಲ್ಲಿ ಒಂದು ಉಗಿಬಂಡಿ ಇದೆ. ಚನ್ನಪಟ್ಟಣದ ಮರದ ಎಂಜಿನ್ನು, ಹಿಂದೆ ನಾಲ್ಕು ಡಬ್ಬಿ. ಅದಕ್ಕೆ ಜೊತೆಯಾಗಲೆಂದು ಒಂದು ದಸರೆಯಲ್ಲಿ ಮೈಸೂರಿನ ರಸ್ತೆಬದಿಯಲ್ಲಿ ಹರಡಿಕೊಂಡು ಕೂತಿದ್ದ ಒಬ್ಬ ಕುಂಬಾರರ ಹತ್ತಿರ ಮೂರು ಮಣ್ಣಿನ ಗೊಂಬೆ ಕೊಂಡಿದ್ದೆ. ಒಬ್ಬ ಡ್ರೈವರು, ಒಬ್ಬ ಸಲಿಕೆ ಹಿಡಿದು ಕಲ್ಲಿದ್ದಲು ಹಾಕುವವನು, ಒಬ್ಬ ಸೀಟಿ ಊದುವ ಗಾರ್ಡು. ಮೂವರನ್ನೂ ಎಂಜಿನ್ನಿನ ಪಕ್ಕ ನಿಲ್ಲಿಸಿದರೆ ಡ್ರೈವರಿನ ಸೊಂಟ ಹೊಗೆಕೊಳವೆಯ ಎತ್ತರಕ್ಕೆ ಬರುತ್ತದೆ. ಆ ಬಂಡಿಯೊಳಗೆ ಅವನು ಯಾವತ್ತೂ ಹತ್ತಲಾರ.

ನಮ್ಮಲ್ಲಿ ವರ್ಷವೂ ನಡೆಯುವ ವಾದ ಶುರುವಾಗುವುದು ಇವನಿಂದಲೇ. ಸಣ್ಣ ಕಸುಬುದಾರರು ಒಬ್ಬರೋ ಇಬ್ಬರೋ ಕೂತು ಮಾಡುವ ಇಂಥ ಹೊಸ ಬಗೆಯ ಗೊಂಬೆಗಳನ್ನು ಕೊಳ್ಳಬೇಕೇ, ಬೇಡವೇ? ಕೆ.ಆರ್.ನಗರದ ನಮ್ಮ ಅತ್ತಿಗೆ ಬೇಡವೆನ್ನುವ ಕಡೆಯವರು. ಹುಣಸೂರಿನ ದೊಡ್ಡಮ್ಮ ಬೇಕೆನ್ನುವ ಕಡೆಯವರು. ಇಬ್ಬರೂ ನನಗಿಂತ ಹೆಚ್ಚು ವರ್ಷ ಗೊಂಬೆ ಕೂರಿಸಿದವರು. ಇಬ್ಬರ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳಲಾರೆ.

ರೈಲು ಇಲ್ಲಿ ಯಾಕೆ ಅಷ್ಟು ಮುಖ್ಯ ಎಂದು ಹೊರಗಿನವರಿಗೆ ಅನ್ನಿಸಬಹುದು. ನಮ್ಮೂರು ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಬರವಿಲ್ಲ. ಆದರೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೈಲು ಹಳಿಯೇ ಇಲ್ಲ. ಹುಣಸೂರಿನಲ್ಲೂ ಇಲ್ಲ, ಪಿರಿಯಾಪಟ್ಟಣದಲ್ಲೂ ಇಲ್ಲ. ಈ ಕಡೆಯ ನಾಲ್ಕು ಊರುಗಳ ಪೈಕಿ ಸ್ಟೇಷನ್ನು ಇರುವುದು ಕೆ.ಆರ್.ನಗರಕ್ಕೆ ಮಾತ್ರ, ಮೈಸೂರು–ಅರಸೀಕೆರೆ ದಾರಿಯಲ್ಲಿ. ಸಂಜೆ ನಮ್ಮ ಮನೆಗೆ ‘ಗೊಂಬೆ ಕೂರಿಸಿದ್ದೀರಾ’ ಎಂದು ಕೇಳಿಕೊಂಡು ಬರುವ ಮಕ್ಕಳು ಆನೆ ನೋಡಿದವರು. ಬಳ್ಳೆ ಆನೆ ಶಿಬಿರ ನಮ್ಮ ತಾಲ್ಲೂಕಿನದು. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಅರ್ಜುನ ಆ ಶಿಬಿರದವನಾಗಿದ್ದ. ಜಂಬೂಸವಾರಿಯ ಸೆಟ್ಟಿನಲ್ಲಿ ಆನೆಯ ದಂತ ಸೊಟ್ಟಗಿದ್ದರೆ ಆರು ವರ್ಷದ ಹುಡುಗಿಯೂ ಹಿಡಿದು ಹೇಳುತ್ತಾಳೆ. ರೈಲು ಹಾಗಲ್ಲ. ಎಷ್ಟೋ ಮಕ್ಕಳಿಗೆ ಕೈಗೆಟಕುವಷ್ಟು ಹತ್ತಿರದಿಂದ ಕಾಣುವ ಮೊದಲ ಎಂಜಿನ್ನು ಐದನೆಯ ಹಂತದ ಮೇಲಿರುವ ಈ ಮರದ ಎಂಜಿನ್ನೇ. ಹಾಗಾಗಿ ಅದರ ಪಕ್ಕ ಯಾರು ನಿಂತಿದ್ದಾರೆ, ಹೇಗೆ ನಿಂತಿದ್ದಾರೆ ಎಂಬುದರ ಮೇಲೆ ನನಗೆ ಕಾಳಜಿ ಇದೆ.

ಅತ್ತಿಗೆಯ ದೂರುಗಳನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅವು ಕಣ್ಣಿಗೆ ಕಾಣುವಂಥವು. ಅಳತೆ ಹೊಂದುವುದಿಲ್ಲ. ಪೀಠ ಸಮನಾಗಿರುವುದಿಲ್ಲ, ಕೆಳಗೆ ಮಡಿಸಿದ ಕಾಗದ ಕೊಡದಿದ್ದರೆ ಗೊಂಬೆ ಅಲುಗಾಡುತ್ತದೆ. ನಮ್ಮ ಕಡೆಯ ಮಳೆಗಾಲ ಕಳೆದು ಟ್ರಂಕು ತೆರೆದರೆ ಕೆಲವು ಗೊಂಬೆಗಳ ಬಣ್ಣ ಸುತ್ತಿದ ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಒಂದು ಒಡೆದರೆ ಅದರ ಜೋಡಿ ಮತ್ತೆ ಸಿಗುವುದಿಲ್ಲ. ಮುಂದಿನ ವರ್ಷ ಹೋದರೆ ಅದೇ ಜಾಗದಲ್ಲಿ ಅದೇ ಮನುಷ್ಯ ಕೂತಿರುತ್ತಾರೆ ಎಂಬ ಭರವಸೆಯೂ ಇಲ್ಲ.

ಇವೆಲ್ಲಕ್ಕಿಂತ ಅತ್ತಿಗೆಗೆ ಕೋಪ ಬರುವುದು ನಮ್ಮ ಗಾರ್ಡಿನ ಮೇಲೆ. ಅವನ ಎರಡೂ ಕೈ ಬಾಯಿಯ ಬಲಪಕ್ಕಕ್ಕೆ ಎತ್ತಿವೆ. ಒಂದು ಕಾಲು ಇನ್ನೊಂದರ ಮುಂದೆ ದಾಟಿ ಹೆಬ್ಬೆರಳ ಮೇಲೆ ನಿಂತಿದೆ. ಕತ್ತು ತುಸು ವಾಲಿದೆ, ತುಟಿಯಲ್ಲಿ ಮೆಲುನಗೆ. ಅವನು ಕೊಳಲೂದುವ ಕೃಷ್ಣ. ಕೊಳಲನ್ನು ತೆಗೆದು, ಕಿರೀಟದ ಜಾಗದಲ್ಲಿ ಮಣ್ಣು ಒತ್ತಿ ಟೋಪಿ ಮಾಡಿ, ಪೀತಾಂಬರದ ಮೇಲೆ ಕಪ್ಪು ಕೋಟು ಬಳಿದಿದ್ದಾರೆ. “ಇದು ಮೋಸ ಅಲ್ವೇನೇ? ಹೊಸ ಗೊಂಬೆ ಅಂತ ದುಡ್ಡು ತಗೊಂಡಿದ್ದಾರೆ,” ಎನ್ನುತ್ತಾರೆ ಅತ್ತಿಗೆ. ದೊಡ್ಡಮ್ಮ ಅದೇ ಗಾರ್ಡನ್ನು ಅಂಗೈ ಮೇಲೆ ನಿಲ್ಲಿಸಿಕೊಂಡು, “ಎಷ್ಟು ತಲೆ ಓಡಿಸಿದ್ದಾನೆ ನೋಡು, ಸೀಟಿ ಊದೋನಿಗೆ ಕೈ ಇನ್ನೆಲ್ಲಿಡಬೇಕು?” ಎನ್ನುತ್ತಾರೆ. ಒಂದೇ ಗೊಂಬೆಯಲ್ಲಿ ಇಬ್ಬರಿಗೂ ಬೇಕಾದ ಸಾಕ್ಷಿ ಸಿಕ್ಕಿಬಿಟ್ಟಿದೆ.

ಈ ಜಗಳ ತೀರಿಸಲು ನಾನು ಆ ಕುಂಬಾರರನ್ನೇ ಹುಡುಕಿಕೊಂಡು ಹೋದೆ. ಅವರು ಕೆಲಸ ಮಾಡುವುದನ್ನು ಒಂದು ಮಧ್ಯಾಹ್ನವಿಡೀ ನೋಡಿದ ಮೇಲೆ ದೂರುಗಳ ಬೇರು ಎಲ್ಲಿದೆ ಎಂದು ಅರ್ಥವಾಗತೊಡಗಿತು. ಮಣ್ಣಿನ ಗೊಂಬೆಯ ಅಚ್ಚು ಎರಡು ಹೋಳಿನದು, ಮುಂಭಾಗ ಒಂದು, ಬೆನ್ನಿನ ಭಾಗ ಒಂದು. ಹದ ಮಾಡಿದ ಜೇಡಿಮಣ್ಣನ್ನು ರೊಟ್ಟಿಯಂತೆ ತಟ್ಟಿ ಎರಡಕ್ಕೂ ಒತ್ತಿ, ಅಂಚಿಗೆ ನೀರುಮಣ್ಣು ಸವರಿ ಕೂಡಿಸುತ್ತಾರೆ. ಕೂಡಿದ ಗೆರೆ ಎರಡೂ ಪಕ್ಕೆಯಲ್ಲಿ ಉಳಿಯುತ್ತದೆ. ಅದನ್ನು ಒದ್ದೆ ಬೆರಳಲ್ಲಿ ಉಜ್ಜಿ ಅಳಿಸಬೇಕು. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತದೆ. ಸುಟ್ಟ ಮೇಲೆ ಬಿಳಿ ಬಳಿದು, ಅದರ ಮೇಲೆ ಬಣ್ಣ. ಕಣ್ಣು ಕಡೆಗೆ.

ಅಳತೆ ತಪ್ಪುವುದು ಈ ದಾರಿಯಲ್ಲೇ. ಹಸಿಮಣ್ಣು ಒಣಗುವಾಗ ಒಮ್ಮೆ ಕುಗ್ಗುತ್ತದೆ, ಸುಡುವಾಗ ಇನ್ನೊಮ್ಮೆ. ಎರಡೂ ಸೇರಿ ಸುಮಾರು ಹತ್ತರಲ್ಲೊಂದು ಪಾಲು ಎನ್ನಬಹುದು, ಆದರೆ ಅದು ಮಣ್ಣಿಗೂ ನೀರಿಗೂ ತಕ್ಕಂತೆ ಬದಲಾಗುತ್ತದೆ. ಒಂದೇ ಅಚ್ಚಿನಿಂದ ಬೇರೆ ಬೇರೆ ವಾರ ತೆಗೆದ ಎರಡು ಗೊಂಬೆ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವಳಿಯಂತಲ್ಲ. “ಅಚ್ಚು ಒಂದೇ ಕಣಕ್ಕ, ಮಣ್ಣು ಒಂದೇ ಅಲ್ವಲ್ಲ,” ಎಂದರು ಅವರು. ಅಚ್ಚೂ ಸವೆಯುತ್ತದೆ. ನೂರಾರು ಸಲ ಒತ್ತಿದ ಮೇಲೆ ಮೂಗಿನ ತುದಿ, ಬೆರಳ ಸಂದು, ಹುಬ್ಬಿನ ಏರು ಮೆತ್ತಗಾಗುತ್ತವೆ. ಹೊಸ ಅಚ್ಚು ಮಾಡಬೇಕಾದರೆ ಮೊದಲು ಒಂದು ಗೊಂಬೆಯನ್ನು ಕೈಯಲ್ಲಿ ತಿದ್ದಿ ತೀಡಬೇಕು. ಅದು ದಿನಗಟ್ಟಲೆಯ ಕೆಲಸ. ಕೃಷ್ಣ ವರ್ಷಕ್ಕೆ ನೂರು ಹೋಗುತ್ತಾನೆ. ರೈಲಿನ ಗಾರ್ಡನ್ನು ಕೇಳಿಕೊಂಡು ಬಂದವರು ಎಷ್ಟು ಮಂದಿ? ಕುಂಬಾರರಿಗೆ ಹೊಸ ಅಚ್ಚು ಕಡೆಸುವುದು ಹೇಗೆ ಗಿಟ್ಟೀತು?

ಎಂಜಿನ್ನಿನ ಕಥೆಯೇ ಬೇರೆ, ಅದು ಮರದ್ದು. ಚನ್ನಪಟ್ಟಣದವರು ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿ ಹಿಡಿಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಲೇತಿನಿಂದ ಸಹಜವಾಗಿ ಬರುವುದು ದುಂಡನೆಯ ಆಕಾರ. ಅದಕ್ಕೇ ಅಲ್ಲಿನ ರಾಜ ರಾಣಿಯರಿಗೆ ಕೈಕಾಲು ಬಿಡಿಬಿಡಿಯಾಗಿ ಇರುವುದು ಕಡಿಮೆ, ಮೈಯೇ ಒಂದು ಗುಂಡು. ಉಗಿಎಂಜಿನ್ನು ಮಾತ್ರ ಲೇತಿಗೆಂದೇ ಹುಟ್ಟಿದ ಹಾಗಿದೆ. ಬಾಯ್ಲರು ದುಂಡು, ಹೊಗೆಕೊಳವೆ ದುಂಡು, ಗಾಲಿ ದುಂಡು. ಹಾಗಾಗಿ ಮರದ ಎಂಜಿನ್ನು ಕಣ್ಣು ಕೀಳಲಾಗದಷ್ಟು ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಮಣ್ಣಿನ ಮನುಷ್ಯರು ಒರಟಾಗಿ ಕಾಣುತ್ತಾರೆ. ಎರಡು ಊರಿನ, ಎರಡು ಕಸುಬಿನ, ಒಬ್ಬರನ್ನೊಬ್ಬರು ಕಾಣದ ಎರಡು ಕೈಗಳ ಕೆಲಸವನ್ನು ನಾನು ಒಂದೇ ಹಂತದ ಮೇಲೆ ತಂದಿಟ್ಟು ಹೊಂದಲಿಲ್ಲ ಎನ್ನುತ್ತಿದ್ದೇನೆ. ಅತ್ತಿಗೆಯ ಮೊದಲ ದೂರಿನಲ್ಲಿ ಅರ್ಧ ಪಾಲು ಕೊಂಡವಳದೇ ಎಂದು ನನಗೆ ಹೊಳೆದದ್ದು ಆಗ.

ದೊಡ್ಡಮ್ಮನ ಮಾತಿಗೆ ಈಗ ಬರೋಣ. ಅವರ ವಾದ ಒಂದೇ, ಆದರೆ ಗಟ್ಟಿಯಾದದ್ದು. ಕಲ್ಲಿದ್ದಲು ಹಾಕುವವನ ಗೊಂಬೆಯನ್ನು ಯಾವ ದೊಡ್ಡ ಅಂಗಡಿಯೂ ಮಾಡಿಸುವುದಿಲ್ಲ. ಅಂಗಡಿಗೆ ಬರುವ ಸೆಟ್ಟುಗಳು ನಿರ್ದಿಷ್ಟ. ಅಷ್ಟಲಕ್ಷ್ಮಿ, ನವದುರ್ಗೆ, ಕಲ್ಯಾಣದ ಸೆಟ್ಟು, ಕ್ರಿಕೆಟ್ಟಿನ ಸೆಟ್ಟು. ಅಳತೆ ಹೊಂದುತ್ತದೆ, ಬಣ್ಣ ನಿಲ್ಲುತ್ತದೆ, ಮತ್ತೆ ಬೇಕೆಂದರೆ ಮತ್ತೆ ಸಿಗುತ್ತದೆ. ಆದರೆ ಹ್ಯಾಂಡ್‌ಪೋಸ್ಟಿನ ಮನೆಯಲ್ಲೂ ಬೆಂಗಳೂರಿನ ಮನೆಯಲ್ಲೂ ಅದೇ ಹಂತ, ಅದೇ ಮುಖ. ಒಂಬತ್ತು ದಿನ ಒಂಬತ್ತು ಮನೆಗೆ ಹೋಗುವ ಮಕ್ಕಳು ಒಂದೇ ಮನೆಯನ್ನು ಒಂಬತ್ತು ಸಲ ನೋಡಿ ಬಂದಂತಾಗುತ್ತದೆ. ಬೆವರೊರೆಸಿಕೊಂಡು ಸಲಿಕೆ ಎತ್ತುವ ಮನುಷ್ಯನೂ ದೇವರ ಕೆಳಗಿನ ಹಂತದಲ್ಲಿ ನಿಲ್ಲಬಹುದು ಎಂದು ಯೋಚಿಸಿದ್ದು ರಸ್ತೆಬದಿಯಲ್ಲಿ ಕೂತ ಒಬ್ಬ ಕುಂಬಾರ. ಆ ಯೋಚನೆಗೆ ಬೆಲೆ ಇಲ್ಲವೇ ಎಂದು ದೊಡ್ಡಮ್ಮ ಕೇಳುತ್ತಾರೆ.

ಯಂತ್ರದ ಗೊಂಬೆ ನಮ್ಮ ಪರಂಪರೆಗೆ ಹೊರಗಿನದು ಎಂದು ಕೆಲವರು ಮೂಗು ಮುರಿಯುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರು ಸೀಮೆಯ ಅತ್ಯಂತ ಹೆಸರಾದ ಮರದ ಬೊಂಬೆಯೇ ಒಂದು ಯಂತ್ರ. ಟಿಪ್ಪುವಿನ ಹುಲಿಯ ಹೊಟ್ಟೆಯೊಳಗೆ ತಿದಿ, ಕೊಳವೆಗಳು ಇವೆ. ಪಕ್ಕದ ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಅದರ ಕೆಳಗೆ ಬಿದ್ದ ಐರೋಪ್ಯ ಕೈ ಎತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಅದನ್ನು ಸಾಗಿಸಿದರು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇನ್ನು ಮೈಸೂರಿನ ಅರಮನೆ. 1897ರಲ್ಲಿ ಬೆಂಕಿ ಬಿದ್ದ ಮೇಲೆ ಕಟ್ಟಲು ಹಿಡಿದು 1912ರಲ್ಲಿ ಮುಗಿದ ಈ ಅರಮನೆಯ ಕಲ್ಯಾಣ ಮಂಟಪಕ್ಕೆ ಎರಕದ ಕಬ್ಬಿಣದ ಕಂಬಗಳು ಬಂದದ್ದು ಗ್ಲಾಸ್ಗೋದಿಂದ. ಅದೇ ಅರಮನೆಯಲ್ಲಿ ಗೊಂಬೆ ತೊಟ್ಟಿಯೂ ಇದೆ. ಉಗಿ ಮತ್ತು ಕಬ್ಬಿಣದ ಕಾಲಕ್ಕೂ ಗೊಂಬೆ ಹಬ್ಬಕ್ಕೂ ನೆಂಟಸ್ತಿಕೆ ಹೊಸದಾಗಿ ಕಟ್ಟಬೇಕಾಗಿಲ್ಲ, ಅವು ಒಂದೇ ಸೂರಿನಡಿ ಇವೆ.

ಈ ಉಗಿಯ ಕಾಲದ ಮೋಹ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡು, ಅಮೆರಿಕಗಳಲ್ಲಿ ‘ಸ್ಟೀಮ್‌ಪಂಕ್’ ಎಂಬ ಒಂದು ಕಲ್ಪನಾಲೋಕವೇ ಬೆಳೆದಿದೆ. ಹೆಸರು ಕೊಟ್ಟವರು ಕೆ.ಡಬ್ಲ್ಯು. ಜೀಟರ್ ಎಂಬ ಕಾದಂಬರಿಕಾರ, 1987ರಲ್ಲಿ. ಪೆಟ್ರೋಲು, ವಿದ್ಯುತ್ತು ಬಾರದೆ ಎಲ್ಲವೂ ಉಗಿಯಿಂದಲೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಎಂಬ ಊಹೆ ಅದರ ಜೀವ. ಹಲ್ಲುಗಾಲಿ ಕೈಯ ಸೈನಿಕ, ಬಾಯ್ಲರು ಹೊತ್ತ ರಾಕ್ಷಸ, ಹಿತ್ತಾಳೆ ಕನ್ನಡಕದ ಹೆಂಗಸು. ಇಂಥ ಬೆರಳುದ್ದದ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದ ಆಟ ಆಡುತ್ತಾರೆ. ಪ್ರೈವೇಟೀರ್ ಪ್ರೆಸ್ ಎಂಬ ಅಮೆರಿಕದ ಕಂಪನಿ 2003ರಲ್ಲಿ ತಂದ ‘ವಾರ್‌ಮಷೀನ್’ ಆ ಬಗೆಯದು. ದೊಡ್ಡ ಕಂಪನಿಗಳ ಜೊತೆಗೆ ಮನೆಯ ಗ್ಯಾರೇಜಿನಲ್ಲಿ ತವರದ ಮಿಶ್ರಲೋಹವನ್ನೋ ರೆಸಿನ್ನನ್ನೋ ಅಚ್ಚಿಗೆ ಹೊಯ್ಯುವ ಒಂಟಿ ಕಸುಬುದಾರರೂ ಅಲ್ಲಿದ್ದಾರೆ.

ಅವರ ಗಿರಾಕಿಗಳ ದೂರು ಕೇಳಿದರೆ ಅತ್ತಿಗೆಯ ಮಾತೇ ಕಿವಿಗೆ ಬಿದ್ದಂತಾಗುತ್ತದೆ. ಅಲ್ಲಿ ಒಂದು ಜನಪ್ರಿಯ ಅಳತೆ 28 ಮಿಲಿಮೀಟರು. ಅದನ್ನು ಪಾದದಿಂದ ಕಣ್ಣಿನವರೆಗೆ ಅಳೆಯುವವರಿದ್ದಾರೆ, ನೆತ್ತಿಯವರೆಗೆ ಅಳೆಯುವವರೂ ಇದ್ದಾರೆ. ಒಬ್ಬರ ಇಪ್ಪತ್ತೆಂಟಕ್ಕೂ ಇನ್ನೊಬ್ಬರ ಇಪ್ಪತ್ತೆಂಟಕ್ಕೂ ಹೆಗಲು ಸಮ ಬರುವುದಿಲ್ಲ. ಕತ್ತಿ ಬಾಗಿ ಬರುತ್ತದೆ, ಅಚ್ಚಿನ ಗೆರೆ ಮೂಗಿನ ಮೇಲೆ ಹಾದುಹೋಗಿರುತ್ತದೆ, ಪಾರ್ಸೆಲ್ಲು ತಡವಾಗುತ್ತದೆ. ಹಾಗಿದ್ದೂ ಬೇರೆಲ್ಲೂ ಕಾಣದ ಮುಖಕ್ಕಾಗಿ ಅವರ ಹತ್ತಿರವೇ ಕೊಳ್ಳುವವರು ಇದ್ದಾರೆ, ದೊಡ್ಡಮ್ಮನ ಹಾಗೆ.

ಒಂದು ವ್ಯತ್ಯಾಸ ಮಾತ್ರ ನನಗೆ ದೊಡ್ಡದಾಗಿ ಕಂಡಿತು. ಅಲ್ಲಿ ಗೊಂಬೆ ಸಾಮಾನ್ಯವಾಗಿ ಬಣ್ಣ ಹಚ್ಚದೆ ಬರುತ್ತದೆ. ಕೊಂಡವರೇ ಚಾಕುವಿನಿಂದ ಗೆರೆ ಹೆರೆದು, ಬಿಸಿನೀರಲ್ಲಿ ಅದ್ದಿ ಸೊಟ್ಟ ಕತ್ತಿಯನ್ನು ನೆಟ್ಟಗೆ ಮಾಡಿ, ಕೂದಲೆಳೆಯ ಕುಂಚದಿಂದ ಬಣ್ಣ ಹಚ್ಚುತ್ತಾರೆ. ಕಸುಬುದಾರನ ಕುಂದು ಹವ್ಯಾಸಿಯ ಕೆಲಸದಲ್ಲಿ ಕರಗಿಹೋಗುತ್ತದೆ. ನಾವು ಕೇಳುವುದು ಪೂರಾ ಮುಗಿದ ಗೊಂಬೆ. ರೂಪ ತೀಡುವವರು, ಸುಡುವವರು, ಬಣ್ಣ ಹಚ್ಚುವವರು, ಮಾರುವವರು ಎಲ್ಲ ಒಬ್ಬರೇ ಆಗಿರಬೇಕು, ಎಲ್ಲದರಲ್ಲೂ ಕೈ ಪಳಗಿರಬೇಕು. ಕಿನ್ನಾಳದಂಥ ಊರಿನಲ್ಲಿ ಮನೆಮಂದಿಯೆಲ್ಲ ಕೂಡಿ ಕೆಲಸ ಹಂಚಿಕೊಳ್ಳುತ್ತಾರೆ. ಹಗುರ ಮರ ಕಡೆಯುವುದು, ಹುಣಸೆಬೀಜದ ಅಂಟಿನ ಲೇಪ ಕೊಡುವುದು, ಬಣ್ಣ ಹಚ್ಚುವುದು ತಲೆಮಾರಿನ ಚಿತ್ರಗಾರರ ಕೈಯಲ್ಲಿ ಬಂದಿದೆ. ಮೈಸೂರಿನ ರಸ್ತೆಬದಿಯ ಒಂಟಿ ಮನುಷ್ಯನನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗೆಂದು ಬಣ್ಣ ಬಿಡುವ ಗೊಂಬೆಯನ್ನು ಕೈಕಸುಬಿನ ಹೆಸರಿನಲ್ಲಿ ಸಹಿಸಿಕೊಳ್ಳಿ ಎಂದು ಅತ್ತಿಗೆಗೆ ಹೇಳಲೂ ನನಗೆ ಬಾಯಿ ಬರುವುದಿಲ್ಲ. ಕೊಂಡವರು ಕೊಟ್ಟದ್ದು ಮುಗಿದ ಗೊಂಬೆಯ ಬೆಲೆ.

ಬೆಲೆಯ ಮಾತು ಬಂತು. ನಾನು ಆ ಮೂರಕ್ಕೂ ಸೇರಿ 450 ರೂಪಾಯಿ ಕೊಟ್ಟಿದ್ದೆ. ಒಂದಕ್ಕೆ ನೂರೈವತ್ತು ಹೆಚ್ಚಾಯಿತು ಎಂದವರು ಬಹಳ ಮಂದಿ. ಕೆಲಸ ನೋಡಿ ಬಂದ ಮೇಲೆ ನನಗೆ ಅದು ಕಡಿಮೆಯೇ ಅನ್ನಿಸಿದೆ. ಈ ಒಂದು ವಿಷಯದಲ್ಲಿ ನಾನು ಪೂರಾ ದೊಡ್ಡಮ್ಮನ ಕಡೆ.

ಈಚೆಗೆ ಮೂರನೆಯ ದಾರಿಯೊಂದು ತೆರೆದಿದೆ. ಕಂಪ್ಯೂಟರಿನಲ್ಲಿ ರೂಪ ತಿದ್ದಿ ತ್ರೀಡಿ ಪ್ರಿಂಟರಿನಲ್ಲಿ ತೆಗೆಯುವ ಗೊಂಬೆ. ಅಳತೆಯ ಜಗಳ ಅಲ್ಲಿಗೆ ಮುಗಿಯುತ್ತದೆ, ಎಂಜಿನ್ನಿನ ಉದ್ದ ಹೇಳಿದರೆ ಡ್ರೈವರು ಅದಕ್ಕೆ ಸರಿಯಾಗಿ ಹುಟ್ಟುತ್ತಾನೆ. ಆ ರೂಪ ತಿದ್ದುವುದೂ ಕಲೆಯೇ, ಅದನ್ನು ಕೀಳಾಗಿ ಕಾಣಬಾರದು. ಆದರೆ ತೆಳ್ಳಗಿನ ರೆಸಿನ್ನಿನ ಕೈಕಾಲು ಬೇಗ ಮುರಿಯುತ್ತದೆ, ಸರಿಯಾಗಿ ಗಟ್ಟಿಯಾಗದ ರೆಸಿನ್ನು ಚರ್ಮಕ್ಕೆ ಒಳ್ಳೆಯದಲ್ಲ. ಮಕ್ಕಳು ಮುಟ್ಟುವ ಹಂತಕ್ಕೆ ತರಲು ನಾನಿನ್ನೂ ಮನಸ್ಸು ಮಾಡಿಲ್ಲ.

ಅಲ್ಲಿ ಕೂತಿದ್ದಾಗ ಕುಂಬಾರರು ಹೇಳಿದ ಇನ್ನೊಂದು ಮಾತು ಇಡೀ ವಾದವನ್ನೇ ನನಗೆ ಬೇರೆಯಾಗಿ ಕಾಣಿಸಿತು. “ನೀವೆಲ್ಲ ಬರೋದು ಹಬ್ಬಕ್ಕೆ ಎಂಟ್ ದಿನ ಇದ್ದಾಗ. ಚೌತಿವರ್ಗೂ ನಾವು ಗಣಪತಿ ಕೆಲಸದಲ್ಲಿರ್ತೀವಿ.” ಲೆಕ್ಕ ಹಾಕಿ ನೋಡಿ. ಭಾದ್ರಪದದ ಚೌತಿಗೆ ಗಣಪತಿ, ಆಶ್ವಯುಜದ ಪಾಡ್ಯಕ್ಕೆ ನವರಾತ್ರಿ. ನಡುವೆ ಒಂದು ತಿಂಗಳೂ ಇಲ್ಲ. ಗಣಪತಿ ಮಾರಿ ಮುಗಿಸಿ, ಕೈ ತೊಳೆದು, ಗೊಂಬೆಯ ಮಣ್ಣಿಗೆ ಕೂರುವ ಹೊತ್ತಿಗೆ ಉಳಿಯುವುದು ಮೂರು ವಾರ. ಅದೂ ಮಳೆ ಇನ್ನೂ ಹೋಗದ ಕಾಲ. ಗಾಳಿಯಲ್ಲಿ ಪಸೆ, ಮಣ್ಣು ಒಣಗುವುದಿಲ್ಲ. ಪೂರಾ ಒಣಗದ ಗೊಂಬೆ ಬೆಂಕಿಗೆ ಹೋದರೆ ಸೊಟ್ಟಗಾಗುತ್ತದೆ, ಪೀಠ ಎದ್ದು ನಿಲ್ಲುತ್ತದೆ. ಬಿಳಿ ಬಳಿದದ್ದು ಆರುವ ಮೊದಲೇ ಬಣ್ಣ ಬೀಳುತ್ತದೆ, ಹಾಗೆ ಬಿದ್ದ ಬಣ್ಣ ಮುಂದಿನ ಮಳೆಗಾಲದಲ್ಲಿ ಬಟ್ಟೆಗೆ ಅಂಟುತ್ತದೆ. ಅತ್ತಿಗೆ ಬೆರಳಿಟ್ಟು ತೋರಿಸುವ ಕುಂದುಗಳಲ್ಲಿ ಬಹುಪಾಲು ಕೈಯ ಕುಂದಲ್ಲ, ಆ ಮೂರು ವಾರದ ಕುಂದು. ಆ ಮೂರು ವಾರಕ್ಕೆ ಅವರನ್ನು ಕಟ್ಟಿಹಾಕಿದವರು ಕೊಳ್ಳುವ ನಾವು. ಗೊಂಬೆಗಳ ಮುಂದಿನ ರಾಗಿ ಪೈರಿನ ಪಾರ್ಕಿಗೆ ಹತ್ತು ದಿನ ಮೊದಲೇ ಬೀಜ ಹಾಕಲು ನೆನಪಿರುವ ನಮಗೆ ಗೊಂಬೆಗೆ ಆರು ತಿಂಗಳು ಮೊದಲೇ ಹೇಳಬೇಕು ಎಂದು ಯಾವತ್ತೂ ತೋಚಿಲ್ಲ.

ಹಾಗಾಗಿ ಶಿವರಾತ್ರಿ ಕಳೆದ ಮರುವಾರ ನಾನು ಎಂಜಿನ್ನನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗಿಟ್ಟುಕೊಂಡು ಹ್ಯಾಂಡ್‌ಪೋಸ್ಟ್‌ನಿಂದ ಮೈಸೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ರೈಲು ವಸ್ತುಸಂಗ್ರಹಾಲಯಕ್ಕೂ ಹೋದೆ. 1979ರಿಂದ ಇರುವ ಜಾಗ, ಆದರೆ ಡ್ರೈವರು ಎಲ್ಲಿ ನಿಲ್ಲುತ್ತಿದ್ದ ಎಂದು ಕಣ್ಣಿಟ್ಟು ನೋಡಿದ್ದು ಆವತ್ತೇ. ಬಾಯ್ಲರಿನ ಹಿಂದೆ, ಬೆಂಕಿಗೂಡಿನ ಬಾಯಿಯ ಮಗ್ಗುಲಿಗೆ ಇಬ್ಬರಿಗೆ ಜಾಗ. ಅದರ ಫೋಟೋ ತೆಗೆದುಕೊಂಡು ಕುಂಬಾರರ ಮುಂದಿಟ್ಟೆ. ಅವರು ಎಂಜಿನ್ನಿನ ಪಕ್ಕಕ್ಕೆ ಒಂದು ತೆಂಗಿನಕಡ್ಡಿ ನಿಲ್ಲಿಸಿ ಎತ್ತರಕ್ಕೆ ಮುರಿದರು. ಆಮೇಲೆ ಇನ್ನೊಂದು ಕಡ್ಡಿಯನ್ನು ಅದಕ್ಕಿಂತ ತುಸು ಉದ್ದಕ್ಕೆ ಮುರಿದು, “ಹಸೀಲಿ ಇಷ್ಟು ಮಾಡಿದ್ರೆ ಸುಟ್ ಮೇಲೆ ಅಷ್ಟಕ್ ಬರ್ತದೆ,” ಎಂದರು. ಅಚ್ಚಿಲ್ಲದೆ, ಬರೀ ಬೆರಳಲ್ಲಿ ತೀಡಿದ ಗೊಂಬೆಗಳವು. ಡ್ರೈವರಿಗೂ ಕಲ್ಲಿದ್ದಲಿನವನಿಗೂ ಎರಡು ತಿಂಗಳು ಟೈಮು ಕೊಟ್ಟೆ, ಒಂದಕ್ಕೆ 400 ರೂಪಾಯಿಯಂತೆ ಮುಂಗಡ ಕೊಟ್ಟೆ. ಒಂದನ್ನು ಬಣ್ಣ ಹಚ್ಚದೆ ಕೊಡಿ, ನಾನೇ ಹಚ್ಚುತ್ತೇನೆ ಎಂದೂ ಕೇಳಿಕೊಂಡೆ.

ಮೇ ತಿಂಗಳಲ್ಲಿ ಬಂದವು. ಪೀಠ ಸಮನಾಗಿದೆ, ಕಾಗದ ಮಡಿಸಿ ಕೊಡಬೇಕಾಗಿಲ್ಲ. ಡ್ರೈವರು ಬೇಕಾದ್ದಕ್ಕಿಂತ ಒಂದು ಗೋಧಿಕಾಳಿನಷ್ಟು ಗಿಡ್ಡ. ಅತ್ತಿಗೆ ಅದನ್ನು ನೋಡಿದ ಕೂಡಲೇ ಹೇಳಿದರು, ಆಮೇಲೆ ತಾವೇ ಎತ್ತಿ ಬಾಯ್ಲರಿನ ಹಿಂದೆ ನಿಲ್ಲಿಸಿದರು. ಕಲ್ಲಿದ್ದಲಿನವನಿಗೆ ನಾನು ಬಣ್ಣ ಹಚ್ಚುತ್ತಿದ್ದೇನೆ, ಮುಖ ಇನ್ನೂ ಮುಗಿದಿಲ್ಲ. ಗಾರ್ಡನ್ನು ಬದಲಾಯಿಸಲು ದೊಡ್ಡಮ್ಮ ಬಿಡಲಿಲ್ಲ. ಅವನು ಹಳೆಯ ಎತ್ತರದಲ್ಲೇ, ಕಾಲು ದಾಟಿಸಿಕೊಂಡು, ಕೊನೆಯ ಡಬ್ಬಿಯ ಪಕ್ಕ ನಿಂತು ಸೀಟಿ ಊದುತ್ತಾನೆ.